ಒಂದೇ ಬಣ್ಣದ ಎರಡು ಕಾರುಗಳು

ಮೋಟಾರ್ ರೇಸಿಂಗ್‌ನಲ್ಲಿ ಗೆಲುವು ಯಾರದು ಎಂಬ ಪ್ರಶ್ನೆಗೆ ಫಲಿತಾಂಶ ಪಟ್ಟಿ ಕೊಡುವ ಉತ್ತರ ಯಾವಾಗಲೂ ಅರ್ಧ ಮಾತ್ರ. ನೂರು ಮೀಟರ್ ಓಟದಲ್ಲಿ ಗೆರೆಯನ್ನು ಮೊದಲು ದಾಟಿದವನೇ ಆ ದಿನದ ವೇಗದ ಓಟಗಾರ ಎಂಬುದರಲ್ಲಿ ಯಾರ ತಕರಾರೂ ಇರುವುದಿಲ್ಲ. ಆದರೆ ಚಕ್ರಗಳು ಹೊರಚಾಚಿಕೊಂಡಿರುವ ಒಂಟಿ ಆಸನದ ಕಾರುಗಳ ಅತ್ಯುನ್ನತ ಸ್ಪರ್ಧೆಯಾದ ಫಾರ್ಮುಲಾ ಒನ್‌ನಲ್ಲಿ ಪ್ರತಿ ತಂಡವೂ ತನ್ನ ಕಾರನ್ನು ತಾನೇ ವಿನ್ಯಾಸಗೊಳಿಸಬೇಕೆಂಬ ನಿಯಮವಿರುವುದರಿಂದ, ಮುಂದಿನ ಸಾಲಿನ ಕಾರಿಗೂ ಹಿಂದಿನ ಸಾಲಿನ ಕಾರಿಗೂ ಒಂದೇ ಸುತ್ತಿನಲ್ಲಿ ಒಂದೆರಡು ಸೆಕೆಂಡುಗಳ ಅಂತರ ಬಿದ್ದಿರುವ ವರ್ಷಗಳು ಬೇಕಾದಷ್ಟಿವೆ, ಮತ್ತು ಅಷ್ಟು ದೊಡ್ಡ ಅಂತರವನ್ನು ಯಾವ ಚಾಲಕನ ಕೈಚಳಕವೂ ತುಂಬಿಕೊಡಲಾರದು. ಹೀಗೆ ಯಂತ್ರದ ಪಾಲು ಎಷ್ಟು, ಮನುಷ್ಯನ ಪಾಲು ಎಷ್ಟು ಎಂದು ಬಿಡಿಸಿ ಹೇಳಲಾಗದ ಈ ಕ್ರೀಡೆಯಲ್ಲಿ ಚಾಲಕನನ್ನು ಅಳೆಯಲು ಉಳಿದಿರುವ ಸಾಧನ ಒಂದೇ: ಅದೇ ತಂಡದ, ಅದೇ ಬಣ್ಣದ, ಅದೇ ವಿನ್ಯಾಸದ ಇನ್ನೊಂದು ಕಾರಿನಲ್ಲಿ ಕೂತಿರುವ ಸಹಚಾಲಕ. ತಂಡಗಳ ಪಟ್ಟಿಗೆ ಇಬ್ಬರ ಅಂಕಗಳೂ ಸೇರುವುದರಿಂದ ಅವರು ಪಾಲುದಾರರು. ಚಾಲಕರ ಪ್ರಶಸ್ತಿ ಒಬ್ಬರಿಗೇ ಸಿಗುವುದರಿಂದ ಅವರು ಎದುರಾಳಿಗಳು. ಸೋಲಿಗೆ ಕಾರನ್ನು ದೂರುವ ಅವಕಾಶ ಇಲ್ಲದಿರುವುದು ಇವರಿಬ್ಬರ ನಡುವೆ ಮಾತ್ರ, ಹಾಗಾಗಿ ಚಾಲಕರ ವಲಯದಲ್ಲಿ ಮೊದಲು ಸೋಲಿಸಬೇಕಾದವನು ಸಹಚಾಲಕನೇ ಎಂಬ ಮಾತು ಹಿಂದಿನಿಂದಲೂ ಚಾಲ್ತಿಯಲ್ಲಿದೆ.

ಈ ಸಾಧನವನ್ನು ಪತ್ರಿಕೆಗಳೂ ಅಭಿಮಾನಿಗಳೂ ಸ್ವತಃ ತಂಡಗಳೂ ತುಂಬ ಧಾರಾಳವಾಗಿ ಬಳಸುತ್ತಾರೆ. ಆದರೆ ಅದು ನಂಬಿಕೆಗೆ ಯೋಗ್ಯವಾಗಿರುವುದು ಸಣ್ಣ ಸಂಗತಿಗಳನ್ನು ಹೇಳುವಾಗ ಮಾತ್ರ. ಇಂಥ ಕಾರಿನಲ್ಲಿ, ಇಂಥ ವರ್ಷದಲ್ಲಿ, ಇಂಥ ಕೆಲಸದಲ್ಲಿ ಈತ ಆತನಿಗಿಂತ ಇಷ್ಟು ಮುಂದಿದ್ದ ಎಂಬಲ್ಲಿಯವರೆಗೆ ಅದರ ಸಾಕ್ಷ್ಯ ಗಟ್ಟಿ. ಅಲ್ಲಿಂದ ಮುಂದೆ ಹೋಗಿ ಈತನೇ ಶ್ರೇಷ್ಠ ಎಂದು ತೀರ್ಪು ಕೊಡಲು ಹೊರಟಾಗ, ಅಳೆದದ್ದೇನು ಎಂಬುದೇ ಮರೆತುಹೋಗುತ್ತದೆ.

ಇದನ್ನು ತೋರಿಸಿಕೊಡಲು 1988ರ ಋತುವಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಆ ವರ್ಷ ಹೋಂಡಾ ಎಂಜಿನ್ ಹೊಂದಿದ್ದ ಮೆಕ್‌ಲಾರೆನ್ ಕಾರು ಉಳಿದೆಲ್ಲ ಕಾರುಗಳನ್ನು ಎಷ್ಟು ಹಿಂದೆ ಬಿಟ್ಟಿತ್ತೆಂದರೆ, ನಡೆದ 16 ರೇಸುಗಳಲ್ಲಿ 15ನ್ನು ಅದೇ ಗೆದ್ದಿತು. ಉಳಿದ ಒಂದು, ಇಟಲಿಯ ಮೊಂಜಾದಲ್ಲಿ, ಫೆರಾರಿಯ ಗೆರಾರ್ಡ್ ಬರ್ಗರ್ ಅವರ ಪಾಲಾಯಿತು. ಹೀಗಾಗಿ ಆ ವರ್ಷದ ಚಾಂಪಿಯನ್‌ಷಿಪ್ ಎಂದರೆ ಇಬ್ಬರು ಸಹಚಾಲಕರ ನಡುವಿನ ಖಾಸಗಿ ವ್ಯವಹಾರದಂತಿತ್ತು: ಒಬ್ಬರು ಆಗಲೇ ಎರಡು ಬಾರಿ ವಿಶ್ವ ಚಾಂಪಿಯನ್ ಆಗಿದ್ದ ಫ್ರಾನ್ಸಿನ ಅಲೆನ್ ಪ್ರೊಸ್ಟ್, ಇನ್ನೊಬ್ಬರು ಆ ವರ್ಷವಷ್ಟೇ ತಂಡಕ್ಕೆ ಬಂದಿದ್ದ ಬ್ರೆಜಿಲ್‌ನ ಐರ್ಟನ್ ಸೆನ್ನಾ. ಸೆನ್ನಾ 8 ರೇಸುಗಳನ್ನೂ ಪ್ರೊಸ್ಟ್ 7 ರೇಸುಗಳನ್ನೂ ಗೆದ್ದರು. ಒಟ್ಟು ಅಂಕ ಕೂಡಿಸಿದರೆ ಪ್ರೊಸ್ಟ್ ಅವರದು 105, ಸೆನ್ನಾ ಅವರದು 94. ಆದರೂ ಚಾಂಪಿಯನ್ ಆದವರು ಸೆನ್ನಾ. ಏಕೆಂದರೆ ಯಂತ್ರ ಕೈಕೊಡುವುದು ಸಾಮಾನ್ಯವಾಗಿದ್ದ ಆ ಕಾಲದಲ್ಲಿ ಚಾಲಕನೊಬ್ಬನ ಅತ್ಯುತ್ತಮ 11 ಫಲಿತಾಂಶಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡು ಉಳಿದವನ್ನು ಕೈಬಿಡುವ ನಿಯಮವಿತ್ತು, ಮತ್ತು ಆ ನಿಯಮದಂತೆ ಸೆನ್ನಾ 90ಕ್ಕೂ ಪ್ರೊಸ್ಟ್ 87ಕ್ಕೂ ನಿಂತರು. ಮುಗಿಸಿದ 14 ರೇಸುಗಳಲ್ಲಿ ಮೊದಲನೆಯದೋ ಎರಡನೆಯದೋ ಸ್ಥಾನಕ್ಕಿಂತ ಕೆಳಗಿಳಿಯದಿದ್ದ ಪ್ರೊಸ್ಟ್, ಆ ನಿಯಮಿತತನಕ್ಕೇ ದಂಡ ತೆತ್ತಂತಾಯಿತು: ಅವರ ಏಳು ಎರಡನೇ ಸ್ಥಾನಗಳಲ್ಲಿ ಮೂರು ಲೆಕ್ಕಕ್ಕೇ ಬರಲಿಲ್ಲ. ಗೆದ್ದವನಿಗೆ 25, ಎರಡನೆಯವನಿಗೆ 18 ಎಂಬ ಈಗಿನ ಕ್ರಮದಲ್ಲಿ ಅದೇ ಫಲಿತಾಂಶಗಳಿಗೆ ಅಂಕ ಹಾಕಿ ನೋಡಿದರೆ ಪ್ರೊಸ್ಟ್‌ಗೆ 301, ಸೆನ್ನಾಗೆ 275 ಬರುತ್ತದೆ. ಅದೇ ಇಬ್ಬರು, ಅದೇ ಕಾರು, ಅದೇ 16 ಭಾನುವಾರಗಳು. ಕೂಡಿಸುವ ಕ್ರಮ ಬದಲಾದೊಡನೆ ಗೆದ್ದವನೂ ಬದಲಾಗುತ್ತಾನೆ.

ಹಾಗಾದರೆ ಅಂಕಗಳನ್ನು ಬದಿಗಿಟ್ಟು ವೇಗವನ್ನೇ ನೋಡಬಾರದೇಕೆ ಎಂದರೆ, ಅಲ್ಲಿ ಚಿತ್ರ ಪೂರ್ತಿ ಬೇರೆ. ರೇಸಿನ ಹಿಂದಿನ ದಿನ ಯಾರು ಯಾವ ಸ್ಥಾನದಿಂದ ಹೊರಡಬೇಕೆಂದು ನಿರ್ಧರಿಸಲು ಒಂದೊಂದೇ ಸುತ್ತನ್ನು ಶಕ್ತಿಮೀರಿ ಓಡಿಸುವ ಅರ್ಹತಾ ಸುತ್ತಿನಲ್ಲಿ ಮೊದಲ ಸ್ಥಾನ ಪಡೆಯುವುದಕ್ಕೆ ಪೋಲ್ ಪೊಸಿಷನ್ ಎನ್ನುತ್ತಾರೆ. 1988ರಲ್ಲಿ ಸೆನ್ನಾ 13 ಪೋಲ್ ಪಡೆದರೆ ಪ್ರೊಸ್ಟ್ ಪಡೆದದ್ದು ಎರಡು. ಮೊನಾಕೊ ನಗರದ ಇಕ್ಕಟ್ಟಿನ ಬೀದಿಗಳಲ್ಲಿ ನಡೆದ ಅರ್ಹತಾ ಸುತ್ತಿನಲ್ಲಿ ಸೆನ್ನಾ ತಮ್ಮ ಸಹಚಾಲಕನಿಗಿಂತ 1.427 ಸೆಕೆಂಡು ಮುಂದಿದ್ದರು, ಅದೂ ಸಾವಿರದಲ್ಲೊಂದು ಭಾಗದ ಸೆಕೆಂಡಿಗೂ ಬೆಲೆಯಿರುವ ಕ್ರೀಡೆಯಲ್ಲಿ, ತಮಗಿಂತ ಅನುಭವಿಯಾದ ಚಾಂಪಿಯನ್ನನ ಎದುರಿಗೆ. ಆದರೆ ಮರುದಿನದ ರೇಸಿನಲ್ಲಿ ಸುಮಾರು 50 ಸೆಕೆಂಡು ಮುಂದೆ ಇದ್ದು, ಇನ್ನು ಹನ್ನೊಂದೇ ಸುತ್ತು ಉಳಿದಿರುವಾಗ, ಯಾರ ಒತ್ತಡವೂ ಇಲ್ಲದೆ ಸೆನ್ನಾ ಪೋರ್ಟಿಯರ್ ತಿರುವಿನಲ್ಲಿ ತಡೆಬೇಲಿಗೆ ಕಾರನ್ನು ಬಡಿಸಿದರು, ಪ್ರೊಸ್ಟ್ ಗೆದ್ದರು. ಈ ಎರಡು ದಿನಗಳಲ್ಲಿ ಯಾವುದು ಇಬ್ಬರ ನಿಜವಾದ ಅಳತೆ ಎಂಬ ಪ್ರಶ್ನೆಗೆ ಉತ್ತರವಿಲ್ಲ, ಏಕೆಂದರೆ ಅವು ಬೇರೆ ಬೇರೆ ಸಾಮರ್ಥ್ಯಗಳ ಅಳತೆಗಳು. ಕಾರನ್ನು ಶನಿವಾರದ ಒಂದು ಸುತ್ತಿಗಲ್ಲದೆ ಭಾನುವಾರದ ಪೂರ್ಣ ದೂರಕ್ಕೆ ಹದಗೊಳಿಸುವುದು ಪ್ರೊಸ್ಟ್ ಅವರ ರೀತಿ. ಟೈರು, ಬ್ರೇಕು, ಇಂಧನಗಳನ್ನು ಉಳಿಸಿಕೊಂಡು ಕೊನೆಯ ಭಾಗದಲ್ಲಿ ಮುಂದೆ ಬರುವುದನ್ನು ಅವರು ಅದೇ ಮೆಕ್‌ಲಾರೆನ್ ತಂಡದಲ್ಲಿ ನಿಕಿ ಲೌಡಾ ಅವರಿಂದ ಕಲಿತಿದ್ದರು, ಮತ್ತು ಆ ಪಾಠಕ್ಕೆ 1984ರಲ್ಲಿ ದುಬಾರಿ ಶುಲ್ಕ ಕೊಟ್ಟಿದ್ದರು. ಆ ವರ್ಷ ಪ್ರೊಸ್ಟ್ 7 ರೇಸು ಗೆದ್ದು 71.5 ಅಂಕ ಗಳಿಸಿದರು. ಐದೇ ಗೆದ್ದ, ಅರ್ಹತಾ ಸುತ್ತುಗಳಲ್ಲಿ ಹೆಚ್ಚುಕಡಿಮೆ ಪ್ರತಿಬಾರಿಯೂ ಹಿಂದೆ ಬಿದ್ದ ಲೌಡಾ 72 ಅಂಕಗಳೊಂದಿಗೆ ಚಾಂಪಿಯನ್ ಆದರು. ಮಳೆಯಿಂದಾಗಿ ಅರ್ಧದಲ್ಲೇ ನಿಂತ ಮೊನಾಕೊ ರೇಸಿನಲ್ಲಿ ಗೆದ್ದ ಪ್ರೊಸ್ಟ್‌ಗೆ ಸಿಕ್ಕಿದ್ದು 9ರ ಬದಲು ಅರ್ಧ ಅಂಕ, ಅಂದರೆ 4.5, ರೇಸು ಪೂರ್ತಿ ನಡೆದು ಅವರು ಎರಡನೆಯವರಾಗಿದ್ದರೂ 6 ಸಿಕ್ಕು ಪ್ರಶಸ್ತಿ ಅವರದಾಗುತ್ತಿತ್ತು.

ಅಂಕಗಳ ಮೇಲೆ ಅತಿಯಾದ ಭಾರ ಹೇರಬಾರದೆನ್ನಲು ಹತ್ತಿರದ ಕಾಲದಲ್ಲೂ ಸಾಕ್ಷಿಗಳಿವೆ. ಲೂಯಿಸ್ ಹ್ಯಾಮಿಲ್ಟನ್ ಮತ್ತು ಜೆನ್ಸನ್ ಬಟನ್ 2010ರಿಂದ 2012ರವರೆಗೆ ಮೂರು ಋತು ಮೆಕ್‌ಲಾರೆನ್‌ನಲ್ಲಿ ಜೊತೆಗಿದ್ದರು; ಆ ಅವಧಿಯ ಒಟ್ಟು ಅಂಕ ಬಟನ್ ಅವರದು 672, ಹ್ಯಾಮಿಲ್ಟನ್ ಅವರದು 657. ಗೆಲುವುಗಳನ್ನು ಎಣಿಸಿದರೆ ಹ್ಯಾಮಿಲ್ಟನ್ 10, ಬಟನ್ 8, ಮತ್ತು ಅರ್ಹತಾ ಸುತ್ತುಗಳಲ್ಲಿ ಹ್ಯಾಮಿಲ್ಟನ್ ಬಹುಪಾಲು ಮುಂದಿದ್ದರು. 2012ರಲ್ಲಿ ಸಿಂಗಪುರದಲ್ಲೂ ಅಬುಧಾಬಿಯಲ್ಲೂ ಮುಂಚೂಣಿಯಲ್ಲಿದ್ದ ಹ್ಯಾಮಿಲ್ಟನ್ ಅವರ ಕಾರು ಕೆಟ್ಟು ನಿಂತದ್ದನ್ನು ಲೆಕ್ಕಕ್ಕೆ ಹಿಡಿದರೆ 15 ಅಂಕಗಳ ಈ ಅಂತರ ಕರಗಿಹೋಗುತ್ತದೆ. ಆದರೆ 2011ರಲ್ಲಿ ಹ್ಯಾಮಿಲ್ಟನ್ ಮೇಲಿಂದ ಮೇಲೆ ಇತರರಿಗೆ ಡಿಕ್ಕಿ ಹೊಡೆದು ಕಳೆದುಕೊಂಡ ಅಂಕಗಳಿಗೆ ಯಂತ್ರವನ್ನು ದೂರುವಂತಿಲ್ಲ. ಭಾರತದ ಮೊದಲ ಫಾರ್ಮುಲಾ ಒನ್ ಚಾಲಕ ನರೇನ್ ಕಾರ್ತಿಕೇಯನ್ ಅವರ ಲೆಕ್ಕ ಇನ್ನೂ ವಿಚಿತ್ರ. 2005ರಲ್ಲಿ ಜೋರ್ಡನ್ ತಂಡದಲ್ಲಿ ಅವರು 5 ಅಂಕ, ಸಹಚಾಲಕ ಟಿಯಾಗೊ ಮೊಂಟೆರೊ 7 ಅಂಕ ಗಳಿಸಿದರು. ಆದರೆ ಕಾರ್ತಿಕೇಯನ್ ಅವರ ಐದಕ್ಕೆ ಐದೂ, ಮೊಂಟೆರೊ ಅವರ ಆರೂ ಬಂದದ್ದು ಇಂಡಿಯಾನಾಪೊಲಿಸ್‌ನ ಒಂದೇ ರೇಸಿನಿಂದ, ಟೈರುಗಳ ಸುರಕ್ಷತೆಯ ತಕರಾರಿನಿಂದ 14 ಕಾರುಗಳು ಹಿಂದೆ ಸರಿದು ಆರೇ ಕಾರುಗಳು ಓಡಿದ ದಿನ. ಇಂಥ ಸಂಖ್ಯೆಗಳಿಂದ ಇಬ್ಬರ ಯೋಗ್ಯತೆಯನ್ನು ತೂಗಲು ಹೊರಡುವುದು ವ್ಯರ್ಥ ಸಾಹಸ.

ಈ ಕಾರಣದಿಂದಲೇ ಗಂಭೀರ ವಿಶ್ಲೇಷಕರು ಅಂಕಗಳನ್ನು ಬಿಟ್ಟು ಅರ್ಹತಾ ಸುತ್ತಿನ ಸಮಯಗಳ ಕಡೆಗೆ ತಿರುಗಿದರು. ಅಲ್ಲಿ ದಾರಿಗೆ ಅಡ್ಡಬರುವ ಕಾರುಗಳು ಕಡಿಮೆ, ಪಿಟ್ ಎಂದು ಕರೆಯುವ ನಿಲುಗಡೆಯಲ್ಲಿ ಟೈರು ಬದಲಿಸುವ ಸಿಬ್ಬಂದಿಯ ತಪ್ಪುಗಳಿಲ್ಲ, ತಂತ್ರಗಾರಿಕೆಯ ಪಾತ್ರ ಅಲ್ಪ. ಹೋಲಿಕೆಯ ಕ್ರಮಕ್ಕೂ ಒಂದು ಶಿಸ್ತಿದೆ. ಅರ್ಹತಾ ಸುತ್ತು ಮೂರು ಹಂತಗಳಲ್ಲಿ ನಡೆಯುವುದರಿಂದ, ಕಾರುಗಳು ಓಡಿದಷ್ಟೂ ರಸ್ತೆಯ ಮೇಲೆ ರಬ್ಬರು ಅಂಟಿ ಹಿಡಿತ ಹೆಚ್ಚುವುದರಿಂದ, ಇಬ್ಬರೂ ಪಾಲ್ಗೊಂಡ ಕೊನೆಯ ಹಂತದ ಸಮಯಗಳನ್ನು ಮಾತ್ರ ಪಕ್ಕಪಕ್ಕದಲ್ಲಿ ಇಡಬೇಕು. ಉದ್ದದ ಟ್ರ್ಯಾಕಿಗೂ ಚಿಕ್ಕ ಟ್ರ್ಯಾಕಿಗೂ ಅನ್ವಯಿಸುವಂತೆ ಅಂತರವನ್ನು ಸೆಕೆಂಡಿನಲ್ಲಲ್ಲದೆ ಶೇಕಡಾವಾರು ಹೇಳಬೇಕು. ಮತ್ತು ಮಳೆ, ಅಪಘಾತ, ಯಂತ್ರದೋಷಗಳಿಂದ ಒಮ್ಮೊಮ್ಮೆ ಬೀಳುವ ಭಾರೀ ಅಂತರಗಳು ಇಡೀ ಲೆಕ್ಕವನ್ನು ಎಳೆದಾಡದಂತೆ ಸರಾಸರಿಯ ಬದಲು ಮಧ್ಯಾಂಕವನ್ನು, ಅಂದರೆ ಎಲ್ಲ ಅಂತರಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿದಾಗ ನಟ್ಟನಡುವೆ ಬರುವ ಸಂಖ್ಯೆಯನ್ನು, ತೆಗೆದುಕೊಳ್ಳಬೇಕು. 90 ಸೆಕೆಂಡಿನ ಸುತ್ತಿನಲ್ಲಿ ಸೆಕೆಂಡಿನ ಹತ್ತನೇ ಎರಡು ಭಾಗದ ವ್ಯತ್ಯಾಸವೆಂದರೆ ಶೇ 0.22, ಕೇಳಲು ಅತ್ಯಲ್ಪವೆನಿಸುವ ಈ ಅಂತರ ಒಂದು ಋತುವಿನುದ್ದಕ್ಕೂ ಒಂದೇ ದಿಕ್ಕಿನಲ್ಲಿ ಬಿದ್ದರೆ, ಹಿಂದೆ ಉಳಿದ ಚಾಲಕನ ಮುಂದಿನ ಒಪ್ಪಂದ ಅನುಮಾನಕ್ಕೆ ಬೀಳುತ್ತದೆ.

ಇಷ್ಟು ಶಿಸ್ತಿನಿಂದ ನಡೆದುಕೊಂಡರೂ ಲೆಕ್ಕ ಎಲ್ಲಿಗೆ ಕೊಂಡೊಯ್ಯಬಲ್ಲದು ಎಂಬುದು 2020ರ ಆಗಸ್ಟ್‌ನಲ್ಲಿ ಗೊತ್ತಾಯಿತು. ಫಾರ್ಮುಲಾ ಒನ್ ಸಂಸ್ಥೆಯು ಅಮೆಜಾನ್ ವೆಬ್ ಸರ್ವಿಸಸ್ ಜೊತೆ ಸೇರಿ, 1983ರಿಂದ ಈಚಿನ ಅರ್ಹತಾ ಸುತ್ತುಗಳಲ್ಲಿ ಸಹಚಾಲಕರ ನಡುವಿನ ಅಂತರಗಳನ್ನು ಒಂದಕ್ಕೊಂದು ಹೆಣೆದು, ಅತಿವೇಗದ ಚಾಲಕರ ಪಟ್ಟಿಯೊಂದನ್ನು ಪ್ರಕಟಿಸಿತು. ಸೆನ್ನಾ, ಮೈಕಲ್ ಶುಮಾಕರ್, ಹ್ಯಾಮಿಲ್ಟನ್, ಮ್ಯಾಕ್ಸ್ ವೆರ್‌ಸ್ಟಪನ್, ಫರ್ನಾಂಡೊ ಅಲಾನ್ಸೊ ಎಂಬ ಮೊದಲ ಐದು ಹೆಸರುಗಳಿಗೆ ಯಾರೂ ಹುಬ್ಬೇರಿಸಲಿಲ್ಲ. ಆದರೆ ಎಂಟನೇ ಸ್ಥಾನದಲ್ಲಿ ಫಿನ್ಲೆಂಡಿನ ಹೈಕಿ ಕೊವಲೈನನ್, ಒಂಬತ್ತನೆಯದರಲ್ಲಿ ಇಟಲಿಯ ಯಾರ್ನೊ ಟ್ರುಲ್ಲಿ ಕಾಣಿಸಿಕೊಂಡರು, ಇಬ್ಬರೂ ಜೀವಮಾನದಲ್ಲಿ ಒಂದೊಂದೇ ರೇಸು ಗೆದ್ದವರು; ನಾಲ್ಕು ಬಾರಿಯ ವಿಶ್ವ ಚಾಂಪಿಯನ್ ಸೆಬಾಸ್ಟಿಯನ್ ವೆಟಲ್ ಅವರಿಬ್ಬರ ಕೆಳಗೆ ಹತ್ತನೆಯವರಾಗಿದ್ದರು. ಕಾರಣ ಹುಡುಕುವುದು ಕಷ್ಟವಲ್ಲ. ಕೊವಲೈನನ್ 2008 ಮತ್ತು 2009ರಲ್ಲಿ ಹ್ಯಾಮಿಲ್ಟನ್ ಜೊತೆಗಿದ್ದರು, ಮತ್ತು ಆ ಕಾಲದಲ್ಲಿ ಅರ್ಹತಾ ಸುತ್ತಿನ ಅಂತಿಮ ಹಂತವನ್ನು ಮರುದಿನದ ರೇಸಿನ ಇಂಧನ ತುಂಬಿಕೊಂಡೇ ಓಡಿಸಬೇಕಿತ್ತು. 10 ಕಿಲೊ ಹೆಚ್ಚುವರಿ ಇಂಧನಕ್ಕೆ ಒಂದು ಸುತ್ತಿನಲ್ಲಿ ಸುಮಾರು 0.3 ಸೆಕೆಂಡು ಕಳೆದುಹೋಗುವುದರಿಂದ, ಯಾರು ಎಷ್ಟು ತುಂಬಿಸಿಕೊಂಡಿದ್ದರೆಂದು ನೋಡದೆ ಆ ಸಮಯಗಳನ್ನು ಹೋಲಿಸುವಂತಿಲ್ಲ. ಮುಂದೆ ಲೋಟಸ್ ತಂಡದಲ್ಲಿ ಅವರಿಗೆ ಜೊತೆಯಾದವರು ಟ್ರುಲ್ಲಿ. ಒಂದು ಕಾಲಕ್ಕೆ ರೆನೊ ತಂಡದಲ್ಲಿ ಅಲಾನ್ಸೊ ಎದುರು ಅರ್ಹತಾ ಸುತ್ತಿನಲ್ಲಿ ಸರಿಸಾಟಿಯಾಗಿ ನಿಂತಿದ್ದ ಟ್ರುಲ್ಲಿ ಆಗ ತಮ್ಮ ವೃತ್ತಿಯ ಕೊನೆಯ ವರ್ಷಗಳಲ್ಲಿದ್ದರು, ಆದರೆ ಲೆಕ್ಕಕ್ಕೆ ಅದು ತಿಳಿಯಲಿಲ್ಲ. ಮುಗಿಯುತ್ತಿದ್ದ ಟ್ರುಲ್ಲಿಯನ್ನು ಸೋಲಿಸಿದ ಕೊವಲೈನನ್‌ಗೆ ಏರುಗಾಲದ ಟ್ರುಲ್ಲಿಯನ್ನು ಸೋಲಿಸಿದ ಪುಣ್ಯ ಸಂದಿತು.

ಒಂದು ಸುತ್ತಿನ ವೇಗವನ್ನು ಎಷ್ಟೇ ಕರಾರುವಾಕ್ಕಾಗಿ ಅಳೆದರೂ ಅದು ಭಾನುವಾರದ ಕೆಲಸವನ್ನು ಅಳೆದಂತಾಗುವುದಿಲ್ಲ ಎಂಬುದಕ್ಕೆ ಕನ್ನಡಿಗರಿಗೆ ಪರಿಚಿತವಾದ ತಂಡವೊಂದರ ಉದಾಹರಣೆಯೇ ಇದೆ. ಕರ್ನಾಟಕದಿಂದ ರಾಜ್ಯಸಭೆಗೆ ಆಯ್ಕೆಯಾಗಿದ್ದ ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯ ಮುನ್ನಡೆಸಿದ, 2008ರಿಂದ 2018ರವರೆಗೆ ಇಂಗ್ಲೆಂಡಿನ ಸಿಲ್ವರ್‌ಸ್ಟೋನ್‌ನಿಂದ ನಡೆದ ಫೋರ್ಸ್ ಇಂಡಿಯಾ ತಂಡದಲ್ಲಿ ಭಾರತೀಯ ಚಾಲಕರು ಯಾರೂ ರೇಸು ಓಡಲಿಲ್ಲವಾದರೂ, 2014ರಿಂದ ಮೂರು ವರ್ಷ ಅಲ್ಲಿದ್ದ ಜರ್ಮನಿಯ ನಿಕೊ ಹುಲ್ಕೆನ್‌ಬರ್ಗ್ ಮತ್ತು ಮೆಕ್ಸಿಕೊದ ಸೆರ್ಗಿಯೊ ಪೆರೆಜ್ ಜೋಡಿ ಸಹಚಾಲಕರ ಹೋಲಿಕೆಗೆ ಒಂದು ಪಠ್ಯಪುಸ್ತಕದಂತಿದೆ. ಅರ್ಹತಾ ಸುತ್ತುಗಳಲ್ಲಿ ಹೆಚ್ಚಿನ ಬಾರಿ ಮುಂದಿದ್ದವರು ಹುಲ್ಕೆನ್‌ಬರ್ಗ್. ಮೊದಲ ವರ್ಷ ಅಂಕಗಳಲ್ಲೂ 96ಕ್ಕೆ 59ರಂತೆ ಅವರೇ ಮುಂದಿದ್ದರು. ಆದರೆ 2015ರಲ್ಲಿ ಪೆರೆಜ್ 78, ಹುಲ್ಕೆನ್‌ಬರ್ಗ್ 58. 2016ರಲ್ಲಿ ಪೆರೆಜ್ 101, ಹುಲ್ಕೆನ್‌ಬರ್ಗ್ 72. ಅದಕ್ಕಿಂತ ಮುಖ್ಯವಾಗಿ, ಆ ಮೂರು ವರ್ಷಗಳಲ್ಲಿ ಮೊದಲ ಮೂವರು ನಿಲ್ಲುವ ವಿಜಯವೇದಿಕೆಯನ್ನು ಪೆರೆಜ್ ನಾಲ್ಕು ಬಾರಿ ಹತ್ತಿದರು, ಹುಲ್ಕೆನ್‌ಬರ್ಗ್ ಒಮ್ಮೆಯೂ ಹತ್ತಲಿಲ್ಲ. ಅವರಿಗೆ ಆ ಭಾಗ್ಯ ಒದಗಿದ್ದು ಬಹುಕಾಲದ ಮೇಲೆ, 2025ರಲ್ಲಿ ಸಿಲ್ವರ್‌ಸ್ಟೋನ್‌ನಲ್ಲಿ, ಸೌಬರ್ ಕಾರಿನಲ್ಲಿ. ವ್ಯತ್ಯಾಸದ ಮೂಲ ಬಹುಮಟ್ಟಿಗೆ ಟೈರಿನಲ್ಲಿದೆ. 2011ರಿಂದ ಏಕೈಕ ಸರಬರಾಜುದಾರನಾಗಿರುವ ಪಿರೆಲಿ ಕಂಪನಿಯ ಟೈರುಗಳು ಬೇಗ ಸವೆಯುವಂತೆಯೇ ರೂಪುಗೊಂಡವು. ತಿರುವಿನಿಂದ ಹೊರಬರುವಾಗ ವೇಗವರ್ಧಕವನ್ನು ಎಷ್ಟು ಮೆತ್ತಗೆ ಒತ್ತಬೇಕು, ಹಿಂದಿನ ಚಕ್ರ ಜಾರಿ ಬಿಸಿಯೇರದಂತೆ ಎಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗ ಬಿಟ್ಟುಕೊಡಬೇಕು ಎಂಬುದನ್ನು ಪೆರೆಜ್ ಬಲ್ಲವರಾಗಿದ್ದರು, ಹಾಗಾಗಿ ಉಳಿದವರು ಟೈರು ಬದಲಿಸಲು ನಿಂತಾಗಲೂ ಅವರು ಅದೇ ಟೈರಿನಲ್ಲಿ ಹಲವು ಸುತ್ತು ಹೆಚ್ಚಾಗಿ ಓಡಬಲ್ಲವರಾಗಿದ್ದರು.

ಅದೇ ಪೆರೆಜ್ 2021ರಲ್ಲಿ ರೆಡ್ ಬುಲ್ ತಂಡ ಸೇರಿ ವೆರ್‌ಸ್ಟಪನ್ ಅವರ ಸಹಚಾಲಕರಾದಾಗ ನಡೆದದ್ದು, ಕಾರು ಒಂದೇ ಆಗಿದ್ದರೆ ಹೋಲಿಕೆ ನ್ಯಾಯವಾಗಿರುತ್ತದೆ ಎಂಬ ಮೂಲ ನಂಬಿಕೆಯನ್ನೇ ಅಲುಗಿಸುತ್ತದೆ. 2023ರಲ್ಲಿ ವೆರ್‌ಸ್ಟಪನ್ 22 ರೇಸುಗಳಲ್ಲಿ 19 ಗೆದ್ದು 575 ಅಂಕ ಗಳಿಸಿದರೆ ಪೆರೆಜ್ ಗಳಿಸಿದ್ದು 285. ಮರುವರ್ಷ 437ಕ್ಕೆ 152. ಅವರಿಗಿಂತ ಮುಂಚೆ ಪಿಯರ್ ಗ್ಯಾಸ್ಲಿ 2019ರಲ್ಲಿ 12 ರೇಸುಗಳ ನಂತರ ಆ ಆಸನದಿಂದ ಕೆಳಗಿಳಿದರು, ಬಳಿಕ ಬಂದ ಅಲೆಕ್ಸಾಂಡರ್ ಆಲ್ಬನ್ 2020ರ ಕೊನೆಗೆ ಜಾಗ ಕಳೆದುಕೊಂಡರು. ಆದರೆ ಕೆಳಗಿಳಿದ ಗ್ಯಾಸ್ಲಿ ಸೋದರ ತಂಡವಾದ ಆಲ್ಫಾಟೌರಿಯ ಸಾಧಾರಣ ಕಾರಿನಲ್ಲಿ 2020ರ ಮೊಂಜಾ ರೇಸನ್ನು ಗೆದ್ದರು. ಆಲ್ಬನ್ ವಿಲಿಯಮ್ಸ್ ತಂಡದ ಆಧಾರವಾದರು. ಇವರು ನಿಧಾನದ ಚಾಲಕರಾಗಿರಲಿಲ್ಲ. ತಿರುವಿನಲ್ಲಿ ಕಾರಿನ ಮೂತಿ ತಕ್ಷಣ ಒಳಕ್ಕೆ ತಿರುಗಿ ಹಿಂಭಾಗ ಜಾರಲು ಹವಣಿಸುವುದನ್ನು ಓವರ್‌ಸ್ಟಿಯರ್ ಎಂದೂ, ಮೂತಿ ತಿರುಗಲೊಪ್ಪದೆ ಹೊರಕ್ಕೆ ಎಳೆಯುವುದನ್ನು ಅಂಡರ್‌ಸ್ಟಿಯರ್ ಎಂದೂ ಕರೆಯುತ್ತಾರೆ. ವೆರ್‌ಸ್ಟಪನ್ ಮೊದಲನೆಯದನ್ನು ಎಷ್ಟು ಬೇಕಾದರೂ ತಡೆದುಕೊಳ್ಳಬಲ್ಲರು, ಮತ್ತು ಅವರು ಓಡಿಸಿದಾಗ ವೇಗ ಕೊಡುವ ದಿಕ್ಕಿನಲ್ಲೇ ಕಾರಿನ ಅಭಿವೃದ್ಧಿ ಸಾಗುತ್ತ ಹೋದಂತೆ, ಅದನ್ನು ನೆಚ್ಚಿ ತಿರುವಿಗೆ ನುಗ್ಗುವ ಧೈರ್ಯ ಇತರರಿಗೆ ಕಡಿಮೆಯಾಗುತ್ತ ಹೋಯಿತು. ಒಬ್ಬನ ಮೈಯಳತೆಗೆ ಹೊಲಿದ ಅಂಗಿಯನ್ನು ಇನ್ನೊಬ್ಬನಿಗೆ ತೊಡಿಸಿ, ನಿನಗೇಕೆ ಒಪ್ಪುತ್ತಿಲ್ಲ ಎಂದು ಕೇಳುವುದಕ್ಕೂ ಇದಕ್ಕೂ ಹೆಚ್ಚಿನ ಭೇದವಿಲ್ಲ. ಹೀಗೆಂದ ಮಾತ್ರಕ್ಕೆ ವೆರ್‌ಸ್ಟಪನ್ ಅವರ ಹಿರಿಮೆ ಕುಗ್ಗುವುದಿಲ್ಲ. ಯಾರೂ ಹಿಡಿದಿಡಲಾರದ ಕಾರನ್ನು ಹಿಡಿದಿಡುವುದೂ ಒಂದು ಸಾಮರ್ಥ್ಯವೇ. ಆದರೆ 575 ಮತ್ತು 285 ಎಂಬ ಸಂಖ್ಯೆಗಳು ಒಬ್ಬ ಚಾಲಕ ಇನ್ನೊಬ್ಬನ ಎರಡರಷ್ಟು ಎಂದು ಹೇಳುತ್ತಿಲ್ಲ.

ಕಾರಿನ ಸ್ವಭಾವ ಬದಲಾದಾಗ ಜೋಡಿಯ ಮೇಲುಕೀಳು ಬದಲಾಗುವುದನ್ನು 2014 ಇನ್ನೂ ನಿಚ್ಚಳವಾಗಿ ತೋರಿಸಿತು. 2010ರಿಂದ 2013ರವರೆಗೆ ಸತತ ನಾಲ್ಕು ಪ್ರಶಸ್ತಿ ಗೆದ್ದಿದ್ದ ವೆಟಲ್, ಎಂಜಿನ್ನಿನ ಹೊಗೆಯನ್ನು ಕಾರಿನ ಅಡಿಭಾಗದ ಹಿಂತುದಿಗೆ ಹಾಯಿಸಿ ಹಿಂದಿನ ಚಕ್ರಗಳಿಗೆ ಹಿಡಿತ ಕೊಡುವ ತಂತ್ರವನ್ನು ತಮ್ಮ ಚಾಲನಾ ಶೈಲಿಗೆ ಚೆನ್ನಾಗಿ ಒಗ್ಗಿಸಿಕೊಂಡಿದ್ದರು. 2014ರ ಹೊಸ ನಿಯಮಗಳು ಆ ತಂತ್ರಕ್ಕೆ ದಾರಿ ಮುಚ್ಚಿ ವಿದ್ಯುತ್ ಸಹಾಯದ ಟರ್ಬೊ ಎಂಜಿನ್ನುಗಳನ್ನು ತಂದವು. ಅದೇ ವರ್ಷ ರೆಡ್ ಬುಲ್‌ಗೆ ಬಂದ ಡೇನಿಯಲ್ ರಿಕಾರ್ಡೊ ಮೂರು ರೇಸು ಗೆದ್ದು 238 ಅಂಕ ಗಳಿಸಿದರೆ, ವೆಟಲ್ ಒಂದೂ ಗೆಲ್ಲದೆ 167ಕ್ಕೆ ನಿಂತರು. ರಿಕಾರ್ಡೊ ಅವರನ್ನು ಆಗ ಮುಂದಿನ ಚಾಂಪಿಯನ್ ಎಂದು ಕೊಂಡಾಡಿದವರು, 2021ರಲ್ಲಿ ಅವರು ಮೆಕ್‌ಲಾರೆನ್‌ಗೆ ಹೋಗಿ ಲ್ಯಾಂಡೊ ನಾರಿಸ್ ಎದುರು 115ಕ್ಕೆ 160ರಂತೆಯೂ ಮರುವರ್ಷ 37ಕ್ಕೆ 122ರಂತೆಯೂ ಸೋತದ್ದನ್ನು ನೋಡಬೇಕಾಯಿತು. ಆ ಸೋಲಿನ ನಡುವೆಯೇ ಅವರು 2021ರ ಮೊಂಜಾ ರೇಸನ್ನು, ನಾರಿಸ್ ಅವರನ್ನು ಎರಡನೇ ಸ್ಥಾನದಲ್ಲಿಟ್ಟು, ಗೆದ್ದರೆಂಬುದು ಯಾವ ಲೆಕ್ಕಾಚಾರಕ್ಕೂ ಅಷ್ಟು ಸುಲಭವಾಗಿ ದಕ್ಕದ ಸಂಗತಿ.

ಇದರ ಜೊತೆಗೆ ತಂಡದ ಕೈವಾಡವೂ ಇದೆ. ಒಂದೇ ತಂಡವೆಂದರೂ ಪ್ರತಿ ಚಾಲಕನಿಗೂ ಬೇರೆ ಎಂಜಿನಿಯರ್, ಬೇರೆ ಮೆಕ್ಯಾನಿಕ್‌ಗಳಿರುತ್ತಾರೆ. ಹೊಸದಾಗಿ ತಯಾರಾದ ಬಿಡಿಭಾಗ ಒಂದೇ ಇದ್ದಾಗ ಅದು ಯಾರ ಕಾರಿಗೆ ಎಂಬ ಪ್ರಶ್ನೆ ಏಳುತ್ತದೆ. 2010ರಲ್ಲಿ ಸಿಲ್ವರ್‌ಸ್ಟೋನ್‌ನಲ್ಲಿ ವೆಟಲ್ ಅವರ ಕಾರಿನ ಹೊಸ ಮುಂರೆಕ್ಕೆ ಅಭ್ಯಾಸದಲ್ಲಿ ಹಾಳಾದಾಗ ರೆಡ್ ಬುಲ್ ತಂಡವು ಮಾರ್ಕ್ ವೆಬ್ಬರ್ ಅವರ ಕಾರಿನ ರೆಕ್ಕೆಯನ್ನು ಬಿಚ್ಚಿ ವೆಟಲ್‌ಗೆ ಕೊಟ್ಟಿತು. ಹಳೆಯ ರೆಕ್ಕೆಯಲ್ಲೇ ಆ ರೇಸು ಗೆದ್ದ ವೆಬ್ಬರ್, ಎರಡನೇ ದರ್ಜೆಯ ಚಾಲಕನಿಗೆ ಇದೇನು ಕಡಿಮೆಯಲ್ಲ ಎಂಬರ್ಥದ ಮಾತನ್ನು ರೇಡಿಯೊದಲ್ಲೇ ತಂಡಕ್ಕೆ ಮುಟ್ಟಿಸಿದರು. 2002ರ ಆಸ್ಟ್ರಿಯಾ ರೇಸಿನಲ್ಲಿ ಇಡೀ ದಿನ ಮುಂದಿದ್ದ ರುಬೆನ್ಸ್ ಬ್ಯಾರಿಚೆಲೊ ಫೆರಾರಿಯ ಆದೇಶದಂತೆ ಗೆರೆಯ ಹತ್ತಿರ ನಿಧಾನಿಸಿ ಶುಮಾಕರ್‌ಗೆ ಗೆಲುವು ಬಿಟ್ಟುಕೊಟ್ಟರು, ಪ್ರೇಕ್ಷಕರು ಕೂಗೆಬ್ಬಿಸಿದರು, ಆ ಬಳಿಕ ಇಂಥ ಆದೇಶಗಳ ಮೇಲೆ ಬಂದ ನಿಷೇಧವನ್ನು ಪಾಲಿಸುವಂತೆ ಮಾಡಲಾಗದೆ 2011ರಿಂದ ಕೈಬಿಡಲಾಯಿತು. 2024ರ ಹಂಗರಿ ರೇಸಿನಲ್ಲಿ ಮೆಕ್‌ಲಾರೆನ್ ತಂಡ ನಾರಿಸ್ ಅವರ ಟೈರನ್ನು ಮೊದಲು ಬದಲಿಸಿದ್ದರಿಂದ ಅವರು ಆಸ್ಕರ್ ಪಿಯಾಸ್ಟ್ರಿ ಅವರ ಮುಂದೆ ಬಂದರು, ಜಾಗ ಹಿಂದಿರುಗಿಸುವಂತೆ ರೇಡಿಯೊದಲ್ಲಿ ಬಹಳ ಹೊತ್ತು ಒತ್ತಾಯ ನಡೆದ ಮೇಲೆ ನಾರಿಸ್ ದಾರಿ ಬಿಟ್ಟರು. ಈ ಎಲ್ಲವೂ ದಾಖಲೆಯಲ್ಲಿ ಉಳಿಯುವುದು ಮೊದಲನೆಯವನು, ಎರಡನೆಯವನು ಎಂದಷ್ಟೇ. ಇನ್ನೂ ಹಳೆಯ ಪ್ರಸಂಗವೊಂದು ಮರ್ಸಿಡಿಸ್ ತಂಡದ್ದು: 1955ರಲ್ಲಿ ಏಂಟ್ರಿಯಲ್ಲಿ ನಡೆದ ಬ್ರಿಟಿಷ್ ರೇಸಿನಲ್ಲಿ ಸ್ಟರ್ಲಿಂಗ್ ಮಾಸ್ ತಮ್ಮ ಸಹಚಾಲಕ ಹ್ವಾನ್ ಮ್ಯಾನುಯೆಲ್ ಫ್ಯಾಂಜಿಯೊ ಅವರಿಗಿಂತ ಸೆಕೆಂಡಿನ ಹತ್ತನೇ ಎರಡು ಭಾಗ ಮುಂದಾಗಿ ಗೆದ್ದರು, ಮತ್ತು ಗುರುವಿನಂತಿದ್ದ ಆ ಹಿರಿಯರು ತವರಿನ ಹುಡುಗನಿಗೆ ಬೇಕೆಂದೇ ಬಿಟ್ಟುಕೊಟ್ಟರೇ ಎಂಬುದು ಮಾಸ್ ಅವರಿಗೇ ಕೊನೆಯವರೆಗೂ ಖಚಿತವಾಗಲಿಲ್ಲ.

ಇಬ್ಬಿಬ್ಬರ ಹೋಲಿಕೆಯನ್ನು ಸರಪಣಿಯಾಗಿ ಪೋಣಿಸಿದರೆ ಎಲ್ಲ ಕಾಲದ ಚಾಲಕರನ್ನೂ ಒಂದೇ ಏಣಿಯಲ್ಲಿ ನಿಲ್ಲಿಸಬಹುದೆಂಬ ಆಸೆ ಸಂಖ್ಯಾಶಾಸ್ತ್ರಜ್ಞರನ್ನು ಬಿಟ್ಟಿಲ್ಲ. ಶೆಫೀಲ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ, 1950ರಿಂದ 2014ರವರೆಗಿನ ಫಲಿತಾಂಶಗಳ ಅಧ್ಯಯನವು ತಂಡದ ಪ್ರಭಾವವನ್ನು ಕಳೆದು ನೋಡಿದಾಗ ಫ್ಯಾಂಜಿಯೊ ಅವರನ್ನು ಮೊದಲ ಸ್ಥಾನದಲ್ಲಿ ಇರಿಸಿತು. ನಾಲ್ಕು ಬೇರೆ ಬೇರೆ ತಂಡಗಳ ಕಾರುಗಳಲ್ಲಿ ಐದು ಪ್ರಶಸ್ತಿ ಗೆದ್ದವರು ಅಂಥ ಲೆಕ್ಕದಲ್ಲಿ ಮೇಲೆ ಬರುವುದು ಸಹಜವೇ. ಆ ಅಧ್ಯಯನದ ಹೆಚ್ಚು ಬೆಲೆಯುಳ್ಳ ಮಾತು ಬೇರೆ: ಫಲಿತಾಂಶದಲ್ಲಿ ಚಾಲಕನಿಗಿಂತ ತಂಡದ ಪಾಲು ಬಹಳ ದೊಡ್ಡದು, ಆದರೆ ನಗರದ ಬೀದಿಗಳಲ್ಲಿ ನಡೆಯುವ ರೇಸುಗಳಲ್ಲೂ ಮಳೆಯಲ್ಲೂ ಆ ಪಾಲು ಕುಗ್ಗುತ್ತದೆ. ಏಣಿಯ ವಿಷಯಕ್ಕೆ ಬಂದರೆ, ಅದರ ಮೆಟ್ಟಿಲುಗಳು ನಿಂತಲ್ಲಿ ನಿಲ್ಲುವುದಿಲ್ಲ. ಮೂರು ವರ್ಷ ರೇಸಿನಿಂದ ದೂರವಿದ್ದು 41ರ ವಯಸ್ಸಿನಲ್ಲಿ ಮರಳಿದ ಶುಮಾಕರ್ ಅವರನ್ನು ಸಹಚಾಲಕ ನಿಕೊ ರೋಸ್‌ಬರ್ಗ್ 2010ರಲ್ಲಿ 142ಕ್ಕೆ 72ರಂತೆ ಸೋಲಿಸಿದರು. ಅದೇ ರೋಸ್‌ಬರ್ಗ್ ಮುಂದೆ ಹ್ಯಾಮಿಲ್ಟನ್ ಎದುರು 2014 ಮತ್ತು 2015ರಲ್ಲಿ ಸೋತು, 2016ರಲ್ಲಿ 385ಕ್ಕೆ 380ರಂತೆ ಗೆದ್ದು, ಐದು ದಿನಗಳಲ್ಲಿ ನಿವೃತ್ತಿ ಘೋಷಿಸಿದರು. ಇದರಿಂದ ಹ್ಯಾಮಿಲ್ಟನ್ ಮತ್ತು ಏರುಗಾಲದ ಶುಮಾಕರ್ ನಡುವೆ ಯಾರು ಮೇಲು ಎಂದು ಕಂಡುಹಿಡಿಯಲು ಹೊರಟವನಿಗೆ, ಆ ಶುಮಾಕರ್ ಇಲ್ಲಿ ಸಿಗುವುದೇ ಇಲ್ಲ.

ಸರಪಣಿಯ ಹಾಸ್ಯಾಸ್ಪದತೆ ತಿಳಿಯಲು ಬೆಂಗಳೂರಿನಿಂದಲೇ ಹೊರಡಬಹುದು. ಈ ಊರಿನ ಕುಶ್ ಮೈನಿ 2024ರಲ್ಲಿ ಫಾರ್ಮುಲಾ ಒನ್‌ಗೆ ಒಂದು ಮೆಟ್ಟಿಲು ಕೆಳಗಿನ ಫಾರ್ಮುಲಾ ಟೂ ದರ್ಜೆಯಲ್ಲಿ, ಇನ್‌ವಿಕ್ಟಾ ತಂಡದಲ್ಲಿ, ಬ್ರೆಜಿಲ್‌ನ ಗೇಬ್ರಿಯಲ್ ಬೊರ್ಟೊಲೆಟೊ ಅವರ ಸಹಚಾಲಕರಾಗಿದ್ದರು. ಬೊರ್ಟೊಲೆಟೊ ಆ ವರ್ಷದ ಚಾಂಪಿಯನ್ ಆಗಿ ಮರುವರ್ಷ ಸೌಬರ್‌ನಲ್ಲಿ ಹುಲ್ಕೆನ್‌ಬರ್ಗ್ ಜೊತೆಯಾದರು. ಹುಲ್ಕೆನ್‌ಬರ್ಗ್ ಹಿಂದೆ ಪೆರೆಜ್ ಜೊತೆಗಿದ್ದವರು, ಪೆರೆಜ್ ವೆರ್‌ಸ್ಟಪನ್ ಜೊತೆಗಿದ್ದವರು. ನಾಲ್ಕೇ ಕೊಂಡಿಗಳಲ್ಲಿ ಬೆಂಗಳೂರಿನ ಯುವಕನಿಗೂ ವೆರ್‌ಸ್ಟಪನ್‌ಗೂ ನಡುವಿನ ಅಂತರವನ್ನು ಸೆಕೆಂಡಿನ ಸಾವಿರದ ಭಾಗದವರೆಗೆ ಲೆಕ್ಕ ಹಾಕಿಬಿಡಬಹುದು, ಮತ್ತು ಆ ಸಂಖ್ಯೆಗೆ ಕಾಸಿನ ಬೆಲೆಯೂ ಇರುವುದಿಲ್ಲ, ಏಕೆಂದರೆ ಕೊಂಡಿ ಕೊಂಡಿಗೂ ಕಾರು ಬೇರೆ, ಟೈರು ಬೇರೆ, ವರ್ಷ ಬೇರೆ, ಚಾಲಕನ ವಯಸ್ಸು ಬೇರೆ. ಆದರೆ ಮೊದಲ ಕೊಂಡಿಗೆ ಬೆಲೆಯಿದೆ. ಫಾರ್ಮುಲಾ ಟೂನಲ್ಲಿ ಎಲ್ಲ ತಂಡಗಳೂ ಒಂದೇ ಕಂಪನಿಯ ಕಾರು, ಒಂದೇ ಎಂಜಿನ್ ಬಳಸುವುದರಿಂದ ಚಾಲಕನಿಗೆ ನೆಪಗಳು ಕಡಿಮೆ, ಮತ್ತು ಸಹಚಾಲಕ ಚಾಂಪಿಯನ್ ಆದ ವರ್ಷ ತಾನು ಪಟ್ಟಿಯ ನಡುಭಾಗದಲ್ಲಿ ಉಳಿದರೆ ಫಾರ್ಮುಲಾ ಒನ್ ತಂಡಗಳು ಮೊದಲು ನೋಡುವುದು ಆ ಅಂತರವನ್ನೇ.

ನೋಡಿದ ಮೇಲೂ ಅವು ಎಡವುವುದುಂಟು. ಬ್ರೇಕಿನ ಒತ್ತಡ, ಸ್ಟೀರಿಂಗಿನ ಕೋನ, ವೇಗವರ್ಧಕದ ಚಲನೆಗಳನ್ನು ಕಾರಿನಿಂದ ಕ್ಷಣಕ್ಷಣವೂ ರವಾನಿಸುವ ಟೆಲಿಮೆಟ್ರಿ ಮಾಹಿತಿಯೂ, ಹೊರಗಿನ ಯಾವ ವಿಶ್ಲೇಷಕನಿಗೂ ದಕ್ಕದ ಸಿಮ್ಯುಲೇಟರ್ ದಾಖಲೆಗಳೂ ಕೈಯಲ್ಲಿದ್ದ ರೆಡ್ ಬುಲ್ ತಂಡವು, ಪೆರೆಜ್ ಜಾಗಕ್ಕೆ ತಾನೇ ಬೆಳೆಸಿದ ಲಿಯಮ್ ಲಾಸನ್ ಅವರನ್ನು 2025ಕ್ಕೆ ಆರಿಸಿತು. ಆಸ್ಟ್ರೇಲಿಯಾ, ಚೀನಾ ಎಂಬ ಎರಡೇ ರೇಸುಗಳ ಬಳಿಕ ಅವರನ್ನು ಸೋದರ ತಂಡಕ್ಕೆ ಹಿಂದೆ ಕಳಿಸಿ ಅಲ್ಲಿಂದ ಯುಕಿ ಸುನೊಡಾ ಅವರನ್ನು ಕರೆತಂದಿತು. ಸುನೊಡಾ ಅವರಿಗೂ ಆ ಕಾರು ಒಲಿಯಲಿಲ್ಲ. ಹಿಂದಿರುಗಿದ ಲಾಸನ್ ಅದೇ ವರ್ಷ ಅಜರ್‌ಬೈಜಾನ್‌ನ ಬಾಕು ನಗರದಲ್ಲಿ ಸೋದರ ತಂಡದ ಕಾರನ್ನು ಮೂರನೇ ಸ್ಥಾನದಿಂದ ಹೊರಡಿಸಿ ಐದನೆಯವರಾಗಿ ಮುಗಿಸಿದರು. 2026ಕ್ಕೆ ವೆರ್‌ಸ್ಟಪನ್ ಪಕ್ಕದ ಆಸನ ಇಸಾಕ್ ಹಾಜರ್ ಅವರ ಪಾಲಾಯಿತು, ಮತ್ತು ಅದೇ ವರ್ಷದಿಂದ ಕಾರಿನ ಅಳತೆ, ತೂಕ, ಎಂಜಿನ್ನಿನಲ್ಲಿ ವಿದ್ಯುತ್ತಿನ ಪಾಲು ಎಲ್ಲವನ್ನೂ ಬದಲಿಸುವ ಹೊಸ ನಿಯಮಗಳು ಜಾರಿಗೆ ಬಂದದ್ದರಿಂದ, ಹಿಂದಿನವರು ಆ ಆಸನದಲ್ಲಿ ಬಿಟ್ಟುಹೋದ ಅಂತರಗಳಾವುವೂ ಅವರಿಗೆ ಅನ್ವಯಿಸುವುದಿಲ್ಲ.